ವಿದೇಶಿ ಹಣದ ಆಸೆ: ಕಡಸು ಮಾರುವ ಮೊದಲು ಒಂದಿಷ್ಟು ಲೆಕ್ಕ



ಈ ಸಂಚಿಕೆಗೆ ಕೆಚ್ಚಲು ಬಾವಿನ ಬಗ್ಗೆ ಬರೆಯಬೇಕೆಂದಿದ್ದೆ. ಅದನ್ನು ಮುಂದಿನ ಸಲಕ್ಕೆ ಇಟ್ಟುಕೊಂಡಿದ್ದೇನೆ. ಕಳೆದ ಕೆಲವು ತಿಂಗಳಲ್ಲಿ ಕೊಟ್ಟಿಗೆಗೆ ಬಂದಾಗ ನಿಮ್ಮಲ್ಲಿ ನಾಲ್ಕೈದು ಜನ ದನದ ವಿಷಯ ಮುಗಿದ ಮೇಲೆ ದನಿ ತಗ್ಗಿಸಿ ಒಂದೇ ಪ್ರಶ್ನೆ ಕೇಳಿದ್ದೀರಿ: "ಡಾಕ್ಟ್ರೇ, ಈ ವಿದೇಶಿ ದುಡ್ಡಿನಲ್ಲಿ ಹಾಕಿದರೆ ಹತ್ತು ಪಟ್ಟು ಆಗುತ್ತದಂತೆ, ಹೌದಾ?" ಒಬ್ಬೊಬ್ಬರಿಗೆ ನಿಂತಲ್ಲೇ ಉತ್ತರ ಹೇಳುವ ಬದಲು ಎಲ್ಲರಿಗೂ ಬರೆದು ತಿಳಿಸುವುದು ಒಳ್ಳೆಯದು ಅನ್ನಿಸಿತು.

ನಾನು ಪಶುವೈದ್ಯಾಧಿಕಾರಿ, ಹಣಕಾಸು ಓದಿದವರಲ್ಲ. ಆದರೆ ಈ ವಿಷಯದಲ್ಲಿ ನಾನೇ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಇಪ್ಪತ್ತು ನೋಟು, ಒಂದು ಕಡಸು

ಕರಾವಳಿಯ ನಮ್ಮ ಕಡೆ ಕೊಲ್ಲಿ ದೇಶಗಳಲ್ಲಿ ದುಡಿಯುವವರು ಇಲ್ಲದ ಊರಿಲ್ಲ. ಹಾಗಾಗಿ ದಿನಾರ್, ದಿರ್ಹಾಮ್, ರಿಯಾಲ್ ಎಂಬ ಮಾತು ನಮಗೆ ಹೊಸದಲ್ಲ. ನಮ್ಮ ಸಂಘದ ಒಬ್ಬ ಸದಸ್ಯೆಯ ಮನೆಗೆ ಪರಿಚಯದವರೊಬ್ಬರು ಬಂದು ಇರಾಕ್ ದೇಶದ 25,000 ದಿನಾರ್ ನೋಟು ತೋರಿಸಿದರು. ಒಂದು ನೋಟಿಗೆ 4,000 ರೂಪಾಯಿ. "ಇರಾಕ್ ಸರ್ಕಾರ ಇನ್ನೇನು ದಿನಾರಿನ ಬೆಲೆ ಏರಿಸುತ್ತದೆ. ಒಂದು ದಿನಾರಿಗೆ ಒಂದು ಡಾಲರ್. ಆಗ ಈ ಒಂದೊಂದು ನೋಟು 20 ಲಕ್ಷ ರೂಪಾಯಿ. ಕುವೈತಿನಲ್ಲೂ ಹೀಗೇ ಆಗಿತ್ತು. ಯಾರಿಗೂ ಹೇಳಬೇಡಿ" ಎಂದರು.

ಇಪ್ಪತ್ತು ನೋಟಿಗೆ 80,000 ರೂಪಾಯಿ. ಆ ಸಹೋದರಿಯ ಬಳಿ ಅಷ್ಟು ಹಣ ಇರಲಿಲ್ಲ. ಏಳು ತಿಂಗಳ ಗಬ್ಬದ ಕಡಸಿಗೆ ದಲ್ಲಾಳಿ 62,000 ಹೇಳಿದ್ದ. ಉಳಿದ 18,000ಕ್ಕೆ ಸ್ವಸಹಾಯ ಸಂಘದ ಸಾಲ. ಕಡಸಿನ ಗಬ್ಬ ಖಚಿತಪಡಿಸಿ ಚೀಟಿ ಬರೆದುಕೊಡಿ, ಮಾರುವುದಕ್ಕೆ ಬೇಕು ಎಂದು ನನ್ನನ್ನು ಕರೆದಿದ್ದರು. ವಿಷಯ ಹೊರಬಂದದ್ದು ಹಾಗೆ.

ಅವತ್ತು ಜಗಲಿಯಲ್ಲಿ ಕೂತು ನಾವಿಬ್ಬರೂ ಹಾಕಿದ ಲೆಕ್ಕವನ್ನೇ ಇಲ್ಲಿ ಕೊಡುತ್ತಿದ್ದೇನೆ.

ಸುದ್ದಿಗೂ ಒಂದು ಪರೀಕ್ಷೆ

2022ರಲ್ಲಿ ಚರ್ಮಗಂಟು ರೋಗ ಬಂದಾಗ ಏನಾಯಿತು ನೆನಪಿದೆಯೇ? ಗಂಟು ಬಂದ ದನದ ಹಾಲು ಕುಡಿದರೆ ಮನುಷ್ಯರಿಗೂ ಗಂಟು ಬರುತ್ತದೆ ಎಂದು ಫೋನಿನಿಂದ ಫೋನಿಗೆ ಸುದ್ದಿ ಹಾರಿತು. ಆ ರೋಗ ಮನುಷ್ಯರಿಗೆ ಬರುವುದಿಲ್ಲ, ಕಾಯಿಸಿದ ಹಾಲಿಗೆ ಭಯವಿಲ್ಲ ಎಂದು ನಾವು ಮನೆಮನೆಗೆ ಹೋಗಿ ಹೇಳಬೇಕಾಯಿತು. ರೋಗ ಇದ್ದದ್ದು ನಿಜ, ಅದರ ಮೇಲೆ ಕಟ್ಟಿದ ಮಾತು ಸುಳ್ಳು. ಹಣದ ವದಂತಿಯೂ ಹೀಗೇ. ಪೂರಾ ಸುಳ್ಳಾದರೆ ಯಾರೂ ನಂಬುವುದಿಲ್ಲ, ಒಳಗೊಂದು ನಿಜದ ಕಾಳು ಇರುತ್ತದೆ.

ಸಂಘಕ್ಕೆ ತಂದ ಹಾಲನ್ನು ಬಣ್ಣ ನೋಡಿ ತೆಗೆದುಕೊಳ್ಳುವುದಿಲ್ಲ. ಫ್ಯಾಟ್, ಎಸ್‌ಎನ್‌ಎಫ್ ನೋಡುತ್ತೇವೆ. ಸುದ್ದಿಗೂ ನಾಲ್ಕು ಪ್ರಶ್ನೆ ಕೇಳೋಣ.

ಒಂದು: ಹೇಳುವವರಿಗೆ ಇದರಿಂದ ಏನು ಸಿಗುತ್ತದೆ?

ನೋಟು ತಂದವರನ್ನು ಕೇಳಬೇಕಾದ ಮೊದಲ ಮಾತು ಇದು: ಒಂದು ನೋಟು 20 ಲಕ್ಷ ಆಗುವುದಾದರೆ ನೀವೇಕೆ 4,000ಕ್ಕೆ ಮಾರುತ್ತೀರಿ?

ಇರಾಕ್ ಸರ್ಕಾರದ ಅಧಿಕೃತ ದರ 2023ರಿಂದ ಒಂದು ಡಾಲರಿಗೆ ಸುಮಾರು 1,300 ದಿನಾರ್. ಅಂದರೆ 25,000 ದಿನಾರ್ ನೋಟಿನ ಬೆಲೆ ಸುಮಾರು 19 ಡಾಲರ್. ಲೆಕ್ಕಕ್ಕೆ ಡಾಲರಿಗೆ 85 ರೂಪಾಯಿ ಹಿಡಿದರೆ 1,615 ರೂಪಾಯಿ. ಇಪ್ಪತ್ತು ನೋಟಿಗೆ 32,300. ಅದನ್ನು 80,000ಕ್ಕೆ ಕೊಂಡರೆ ಕೊಂಡ ಗಳಿಗೆಯಲ್ಲೇ 47,700 ರೂಪಾಯಿ ಹೋಯಿತು. ದಿನಾರ್ ಏರಲಿ ಇಳಿಯಲಿ, ಮಾರಿದವರಿಗೆ ಅವರ ಲಾಭ ಬಂದಾಗಿದೆ.

ಅಮೆರಿಕದಲ್ಲಿ ಈ ವ್ಯಾಪಾರ ದೊಡ್ಡದಾಗಿ ನಡೆಯಿತು. ಅಟ್ಲಾಂಟಾ ಪ್ರದೇಶದ ಒಂದು ಸಂಸ್ಥೆ 2010ರಿಂದ 2015ರ ನಡುವೆ ದಿನಾರ್ ಮತ್ತಿತರ ವಿದೇಶಿ ನೋಟುಗಳನ್ನು ಮಾರಿ 60 ಕೋಟಿ ಡಾಲರಿಗೂ ಹೆಚ್ಚಿನ ವಹಿವಾಟು ಮಾಡಿತು. ಬೆಲೆ ಇನ್ನೇನು ಏರುತ್ತದೆ ಎಂದು ಅಂತರ್ಜಾಲದಲ್ಲಿ ಹೇಳುತ್ತಿದ್ದವನಿಗೆ ಆ ಸಂಸ್ಥೆಯೇ ಹಣ ಕೊಡುತ್ತಿತ್ತು ಎಂಬುದು ನ್ಯಾಯಾಲಯದಲ್ಲಿ ಹೊರಬಂತು. 2018ರಲ್ಲಿ ಅದರ ಮುಖ್ಯಸ್ಥರು ತಪ್ಪಿತಸ್ಥರೆಂದು ತೀರ್ಮಾನವಾಯಿತು. ನೋಟು ಮಾರುವವರೂ ಸುದ್ದಿ ಹಬ್ಬಿಸುವವರೂ ಒಂದೇ ಕಡೆಯವರಾಗಿದ್ದರು.

ಎರಡು: ಹೇಳಿದ ದಿನ ಬಂದು ಹೋಯಿತೇ?

ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸಿದರೆ ದಿನಾಂಕ ಬರೆದಿಡುತ್ತೀರಿ. ಸುಮಾರು 280 ದಿನಕ್ಕೆ ಕರು. 300 ದಿನ ಕಳೆದರೂ ಕರು ಬಾರದಿದ್ದರೆ ಏನೋ ತಪ್ಪಿದೆ ಎಂದು ನನಗೆ ಫೋನ್ ಮಾಡುತ್ತೀರಿ. "ಬರುವ ವಾರ ಖಂಡಿತ" ಎಂದು ಇಪ್ಪತ್ತು ವರ್ಷ ಕಾಯುವುದಿಲ್ಲ.

ದಿನಾರ್ ಸುದ್ದಿಗೆ ಇಪ್ಪತ್ತು ವರ್ಷ ದಾಟಿದೆ. ಸದ್ದಾಂ ಹುಸೇನ್ ಸರ್ಕಾರ ಬಿದ್ದ ಮೇಲೆ, 2003ರ ಅಕ್ಟೋಬರಿನಿಂದ 2004ರ ಜನವರಿಯವರೆಗೆ ಇರಾಕಿನಲ್ಲಿ ಹಳೆಯ ನೋಟು ಹಿಂಪಡೆದು ಹೊಸ ನೋಟು ಕೊಟ್ಟರು. ಬೆಲೆ ಇನ್ನೇನು ಏರುತ್ತದೆ ಎಂಬ ಮಾತು ಆ ಹೊಸ ನೋಟುಗಳ ಜೊತೆಯಲ್ಲೇ ಹೊರಟಿತು. ದಿನ ಕಳೆದಂತೆ ಹೊಸ ದಿನ ಹೇಳುತ್ತಾರೆ, ಹೊಸ ಕಾರಣ ಹೇಳುತ್ತಾರೆ.

ಇದರಲ್ಲಿ ನಿಜದ ಕಾಳು ಯಾವುದು ಗೊತ್ತೇ? ಇರಾಕ್ ಸರ್ಕಾರ ದರ ಬದಲಿಸಿದ್ದು ಹೌದು. 2020ರ ಡಿಸೆಂಬರಿನಲ್ಲಿ ಅದು ದಿನಾರಿನ ಬೆಲೆಯನ್ನು ಇಳಿಸಿತು. ಡಾಲರಿಗೆ 1,200ರ ಆಸುಪಾಸಿನಲ್ಲಿದ್ದದ್ದು 1,450ಕ್ಕೆ ಬಂತು. 2023ರ ಫೆಬ್ರುವರಿಯಲ್ಲಿ ಏರಿಸಿತು, 1,300ಕ್ಕೆ ತಂದಿತು. ಜನ ಇಪ್ಪತ್ತು ವರ್ಷ ಕಾದ "ಬೆಲೆ ಏರಿಕೆ" ನಿಜವಾಗಿ ಬಂದಾಗ ಸಿಕ್ಕಿದ್ದು ನೂರು ರೂಪಾಯಿಗೆ ಹನ್ನೊಂದು ಚಿಲ್ಲರೆ ರೂಪಾಯಿ, ಅಷ್ಟೆ. ಅದೂ ಅಧಿಕೃತ ದರದಲ್ಲಿ. ಬಾಗ್ದಾದಿನ ಪೇಟೆಯಲ್ಲಿ ದಿನಾರಿಗೆ ಸಿಗುತ್ತಿದ್ದ ಬೆಲೆ ಅದಕ್ಕಿಂತ ಕಡಿಮೆಯೇ ಇತ್ತು.

ಮೂರು: ಲೆಕ್ಕ ಕೂಡುತ್ತದೆಯೇ?

ಇರಾಕಿನಲ್ಲಿ ಚಲಾವಣೆಯಲ್ಲಿರುವ ನೋಟುಗಳ ಮೊತ್ತ ಹೆಚ್ಚುಕಡಿಮೆ 100 ಲಕ್ಷ ಕೋಟಿ ದಿನಾರ್. ಒಂದು ದಿನಾರಿಗೆ ಒಂದು ಡಾಲರ್ ಆದರೆ ಅದು 100 ಲಕ್ಷ ಕೋಟಿ ಡಾಲರ್. ಪ್ರಪಂಚದ ಎಲ್ಲ ದೇಶಗಳು ಸೇರಿ ಒಂದು ವರ್ಷದಲ್ಲಿ ಉತ್ಪಾದಿಸುವುದೆಲ್ಲದರ ಬೆಲೆ ಅದಕ್ಕಿಂತ ಸ್ವಲ್ಪ ಹೆಚ್ಚು. ಇರಾಕಿನ ಕೇಂದ್ರ ಬ್ಯಾಂಕಿನ ಬಳಿ ಇರುವ ವಿದೇಶಿ ಮೀಸಲು ಸುಮಾರು 10,000 ಕೋಟಿ ಡಾಲರ್. ಸಾವಿರ ರೂಪಾಯಿ ಕೊಡಬೇಕಾದವರ ಕೈಯಲ್ಲಿ ಒಂದು ರೂಪಾಯಿ ಇದ್ದ ಹಾಗೆ. ಎಣ್ಣೆ ಬಾವಿ ಎಷ್ಟಿದ್ದರೂ ಈ ಲೆಕ್ಕ ಕೂಡುವುದಿಲ್ಲ.

"ಕುವೈತಿನಲ್ಲಿ ಆಗಲಿಲ್ಲವೇ?" ಎನ್ನುತ್ತಾರೆ. 1990ರ ಆಗಸ್ಟಿನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಕುವೈತಿ ದಿನಾರಿನ ಬೆಲೆ ಬಿದ್ದುಹೋಯಿತು. 1991ರಲ್ಲಿ ಬಿಡುಗಡೆಯಾದ ಮೇಲೆ ಹಳೆಯ ಬೆಲೆಯ ಹತ್ತಿರಕ್ಕೆ ಮರಳಿತು. ಇದು ನಿಜ. ಆದರೆ ಕುವೈತ್ ಪುಟ್ಟ ದೇಶ, ಹೊರದೇಶಗಳಲ್ಲಿ ಅದಕ್ಕೆ ದೊಡ್ಡ ಉಳಿತಾಯವಿತ್ತು, ಲೆಕ್ಕವಿಲ್ಲದೆ ನೋಟು ಅಚ್ಚು ಹಾಕಿರಲಿಲ್ಲ. ಇರಾಕಿನ ಕಥೆ ಬೇರೆ. 1980ರ ದಶಕದಲ್ಲಿ ಸರ್ಕಾರಿ ದರದಲ್ಲಿ ಒಂದು ಇರಾಕಿ ದಿನಾರಿಗೆ ಮೂರು ಡಾಲರಿಗೂ ಹೆಚ್ಚು ಸಿಗುತ್ತಿತ್ತು. 1990ರ ನಂತರ ವ್ಯಾಪಾರ ನಿರ್ಬಂಧದ ಕಾಲದಲ್ಲಿ ಸರ್ಕಾರ ಖರ್ಚಿಗೆಲ್ಲ ನೋಟು ಅಚ್ಚು ಹಾಕಿತು, ಪೇಟೆಯಲ್ಲಿ ಒಂದು ಡಾಲರಿಗೆ ಸಾವಿರಾರು ದಿನಾರ್ ಆಯಿತು. ಹಾಲಿಗೆ ನೀರು ಬೆರೆತ ಮೇಲೆ ಅದನ್ನು ಮತ್ತೆ ಗಟ್ಟಿ ಹಾಲು ಮಾಡಲಾಗದು. ಇನ್ನೊಂದು ಮಾತು: ಆಕ್ರಮಣದ ವೇಳೆ ಲೂಟಿಯಾದ ಕುವೈತಿ ನೋಟುಗಳ ಸರಣಿಗಳನ್ನು ಕುವೈತ್ ಆಮೇಲೆ ರದ್ದು ಮಾಡಿತು. ಅವನ್ನು ಕೊಂಡವರ ಕೈಯಲ್ಲಿ ಬರೀ ಕಾಗದ ಉಳಿಯಿತು.

"ಸೊನ್ನೆ ತೆಗೆಯುತ್ತಾರಂತೆ" ಎಂಬ ಮಾತೂ ಇದೆ. ಟರ್ಕಿ ದೇಶ 2005ರ ಜನವರಿಯಲ್ಲಿ ತನ್ನ ಲಿರಾದಿಂದ ಆರು ಸೊನ್ನೆ ತೆಗೆಯಿತು. ಹಳೆಯ ಹತ್ತು ಲಕ್ಷ ಲಿರಾ ಕೊಟ್ಟರೆ ಹೊಸ ಒಂದು ಲಿರಾ. ಬ್ರೆಡ್ಡಿನ ಬೆಲೆಯಿಂದಲೂ ಆರು ಸೊನ್ನೆ ಹೋಯಿತು, ಸಂಬಳದಿಂದಲೂ ಹೋಯಿತು. ಯಾರೂ ಶ್ರೀಮಂತರಾಗಲಿಲ್ಲ. ಹಾಲನ್ನು ಮಿಲಿಲೀಟರಿನಲ್ಲಿ ಅಳೆಯುವುದು ಬಿಟ್ಟು ಲೀಟರಿನಲ್ಲಿ ಅಳೆದರೆ ಕ್ಯಾನಿನಲ್ಲಿರುವ ಹಾಲು ಹೆಚ್ಚುವುದಿಲ್ಲವಲ್ಲ.

ನಾಲ್ಕು: ಹೊರಗೆ ಬರುವ ದಾರಿ ಇದೆಯೇ?

ಹಸು ಕೊಂಡರೆ ಕಷ್ಟಕ್ಕೆ ನಾಳೆ ಮಾರಬಹುದು. ಚಿನ್ನ ಅಡವಿಡಬಹುದು. ಈ ನೋಟನ್ನು ಎಲ್ಲಿ ಕೊಡುತ್ತೀರಿ? ನಮ್ಮ ಬ್ಯಾಂಕುಗಳ ಕೌಂಟರಿನಲ್ಲಿ ಸಾಮಾನ್ಯವಾಗಿ ಇರಾಕಿ ದಿನಾರ್ ಕೊಳ್ಳುವುದಿಲ್ಲ. ರಿಸರ್ವ್ ಬ್ಯಾಂಕಿನ ಪರವಾನಗಿ ಇಲ್ಲದವರ ಜೊತೆ ವಿದೇಶಿ ಹಣ ಕೊಳ್ಳುವುದು, ಮಾರುವುದು 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ಪ್ರಕಾರ ತಪ್ಪು. ಅಂದರೆ ಮೋಸ ಹೋದರೂ ದೂರು ಕೊಡುವಾಗ ನಮ್ಮ ಕಾಲೇ ನಡುಗುವ ವ್ಯವಹಾರ ಇದು. "ಯಾರಿಗೂ ಹೇಳಬೇಡಿ" ಎಂದು ಅವರು ಹೇಳುವುದು ಸುಮ್ಮನೆ ಅಲ್ಲ.

ವಿದೇಶದಿಂದ ಬಂದ ಮನೆಯವರು ತಂದ ನೋಟು ಪೆಟ್ಟಿಗೆಯಲ್ಲಿದ್ದರೆ ಗಾಬರಿ ಬೇಡ. 2,000 ಡಾಲರ್ ಬೆಲೆಯಷ್ಟರವರೆಗೆ ಇಟ್ಟುಕೊಳ್ಳಲು ಅವಕಾಶವಿದೆ. ಅದಕ್ಕಿಂತ ಹೆಚ್ಚಿದ್ದರೆ ಬಂದ 180 ದಿನದೊಳಗೆ ಬ್ಯಾಂಕಿಗೆ ಅಥವಾ ಪರವಾನಗಿ ಇರುವ ವಿನಿಮಯ ಕೇಂದ್ರಕ್ಕೆ ಕೊಡಬೇಕು.

ಹಾಗಾದರೆ ಎಷ್ಟು ನಿರೀಕ್ಷೆ ಮಾಡಬಹುದು?

ನ್ಯಾಯವಾಗಿ ಒಂದು ಲೆಕ್ಕ ಹಾಕೋಣ. 2009ರಲ್ಲಿ ಯಾರೋ 5 ಲಕ್ಷ ದಿನಾರನ್ನು ಮೋಸವಿಲ್ಲದ ದರದಲ್ಲೇ ಕೊಂಡರು ಎನ್ನೋಣ. ಆಗ ಡಾಲರಿಗೆ ಸುಮಾರು 1,170 ದಿನಾರ್. ಡಾಲರಿಗೆ 48 ರೂಪಾಯಿ ಆಸುಪಾಸು. ಖರ್ಚು ಸುಮಾರು 20,500 ರೂಪಾಯಿ. ಹದಿನೈದು ವರ್ಷದ ಮೇಲೆ, ಡಾಲರಿಗೆ 1,300 ದಿನಾರ್ ಮತ್ತು 85 ರೂಪಾಯಿಯ ದರದಲ್ಲಿ ಅದು ಸುಮಾರು 32,700. ಡಾಲರಿನ ಎದುರು ದಿನಾರ್ ಇಳಿದರೂ, ನಮ್ಮ ರೂಪಾಯಿ ಇನ್ನೂ ಹೆಚ್ಚು ಇಳಿದದ್ದರಿಂದ ಹೀಗಾಯಿತು. ವರ್ಷಕ್ಕೆ ಶೇಕಡಾ 3ರಷ್ಟು ಬಂದ ಹಾಗೆ. ಅದೇ 20,500 ರೂಪಾಯಿಯನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದರೆ, ಸರಾಸರಿ ಶೇಕಡಾ 6.5 ಬಡ್ಡಿ ಹಿಡಿದರೂ 52,000 ದಾಟುತ್ತಿತ್ತು.

ಎಲ್ಲವೂ ಸರಿಯಾಗಿ ನಡೆದರೂ ಇಷ್ಟು. ವಿದೇಶಿ ಹಣ ಇರುವುದು ಪ್ರಯಾಣಕ್ಕೆ, ಓದಿಗೆ, ವ್ಯಾಪಾರಕ್ಕೆ. ಅದನ್ನು ಡಬ್ಬಿಯಲ್ಲಿಟ್ಟರೆ ಬಡ್ಡಿ ಹುಟ್ಟುವುದಿಲ್ಲ, ಕರು ಹಾಕುವುದಿಲ್ಲ.

ಮೊಬೈಲಿನಲ್ಲಿ ಬರುವ ಫಾರೆಕ್ಸ್

ಈಗ ನನ್ನ ಕಥೆ. ಮೂರು ವರ್ಷದ ಹಿಂದೆ ಕಾಲೇಜಿನ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಂದು ಫಾರೆಕ್ಸ್ ಆ್ಯಪ್ ಸುದ್ದಿ ಬಂತು. ತಿಂಗಳಿಗೆ ಶೇಕಡಾ 10 ಲಾಭ ಖಚಿತ ಎಂದರು. 30,000 ರೂಪಾಯಿ ಹಾಕಿದೆ. ಕೆಲವೇ ತಿಂಗಳಲ್ಲಿ ಪರದೆಯ ಮೇಲೆ 71,000 ಕಾಣಿಸಿತು. ಹಣ ತೆಗೆಯಲು ಹೋದಾಗ ಮೊದಲು ಶೇಕಡಾ 18 ತೆರಿಗೆ ಕಟ್ಟಬೇಕೆಂದರು. 12,780 ರೂಪಾಯಿ ಅದನ್ನೂ ಕಟ್ಟಿದೆ. ಮರುದಿನ ಆ್ಯಪ್ ತೆರೆಯಲಿಲ್ಲ. ಒಟ್ಟು 42,780 ರೂಪಾಯಿ ಹೋಯಿತು. ನಾಚಿಕೆಗೆ ಒಂದು ತಿಂಗಳು ಮನೆಯಲ್ಲೂ ಹೇಳಲಿಲ್ಲ. ದೂರು ಕೊಡುವ ಹೊತ್ತಿಗೆ ಹಣ ಎಲ್ಲಿಗೋ ದಾಟಿಯಾಗಿತ್ತು.

ಪದವಿ ಇದ್ದೂ ನಾನು ಹಾಕದ ಲೆಕ್ಕ ಇದು: ಒಂದು ಲಕ್ಷ ರೂಪಾಯಿ ತಿಂಗಳಿಗೆ ಶೇಕಡಾ 10ರಂತೆ ಚಕ್ರಬಡ್ಡಿಯಲ್ಲಿ ಬೆಳೆದರೆ ಐದು ವರ್ಷಕ್ಕೆ ಮೂರು ಕೋಟಿ ಆಗಬೇಕು, ಹತ್ತು ವರ್ಷಕ್ಕೆ 900 ಕೋಟಿ ದಾಟಬೇಕು. ಇಂಥ ವಿದ್ಯೆ ಬಲ್ಲವರು ನನ್ನ 30,000 ರೂಪಾಯಿಗೆ ಕಾಯುತ್ತಿದ್ದರೇ?

ಇನ್ನು, ಮೋಸವಿಲ್ಲದ ಕಡೆಯೂ ಈ ಆಟದ ಸ್ವಭಾವ ಹೇಗಿದೆ ನೋಡಿ. ಒಂದಕ್ಕೆ ನೂರು ಪಟ್ಟಿನ ವಹಿವಾಟು ಎನ್ನುತ್ತಾರೆ. ಒಂದು ಲಕ್ಷದ ಹಸುವನ್ನು 1,000 ರೂಪಾಯಿ ಮುಂಗಡಕ್ಕೆ ಹಿಡಿದಿಟ್ಟ ಹಾಗೆ. ಹಸುವಿನ ಬೆಲೆ 1,000 ಏರಿದರೆ ನಿಮ್ಮ ಹಣ ದುಪ್ಪಟ್ಟು. 1,000 ಇಳಿದರೆ ಮುಂಗಡ ಪೂರಾ ಹೋಯಿತು. ನೂರಕ್ಕೆ ಒಂದು ರೂಪಾಯಿಯ ಏರಿಳಿತ ಸಾಕು. ಯುರೋಪಿನ ಷೇರು ಮಾರುಕಟ್ಟೆ ನಿಯಂತ್ರಕರು 2018ರಲ್ಲಿ ಇಂಥ ಸಾಲದ ಬಲದ ವಹಿವಾಟು ಪರಿಶೀಲಿಸಿದಾಗ, ಸಾಮಾನ್ಯ ಜನರ ಖಾತೆಗಳಲ್ಲಿ ನೂರಕ್ಕೆ 74ರಿಂದ 89 ನಷ್ಟದಲ್ಲಿದ್ದವು. ಅಲ್ಲಿ ಪರವಾನಗಿ ಇರುವ ಕಂಪನಿಗಳಲ್ಲೇ ಈ ಸ್ಥಿತಿ.

ನಮ್ಮ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲಿ ಪರವಾನಗಿ ಇಲ್ಲದ 34 ಫಾರೆಕ್ಸ್ ಸಂಸ್ಥೆ, ಆ್ಯಪ್‌ಗಳ ಎಚ್ಚರಿಕೆ ಪಟ್ಟಿ ಹೊರಡಿಸಿತು. ಆಮೇಲೆ ಆ ಪಟ್ಟಿ ಉದ್ದವಾಗುತ್ತಲೇ ಇದೆ. ಪಟ್ಟಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಪರವಾನಗಿ ಇದೆ ಎಂದರ್ಥವಲ್ಲ ಎಂದೂ ರಿಸರ್ವ್ ಬ್ಯಾಂಕೇ ಹೇಳಿದೆ. ಹೊರದೇಶದ ಇಂಥ ಆ್ಯಪ್‌ಗೆ ಮುಂಗಡವಾಗಿ ಹಣ ಕಳಿಸುವುದಕ್ಕೆ ಕಾನೂನಿನಲ್ಲಿ ಅವಕಾಶವೇ ಇಲ್ಲ.

ನೆನಪಿಡಬೇಕಾದದ್ದು

1. ಕಡಸು, ಚಿನ್ನ, ಸಂಘದ ಸಾಲ, ಹಾಲಿನ ಬಟವಾಡೆ: ಇವುಗಳಿಂದ ತೆಗೆದ ಹಣವನ್ನು ವದಂತಿಯ ಮೇಲೆ ಹಾಕಬೇಡಿ.

2. "ಇವತ್ತೇ ಕೊಡಿ", "ಯಾರಿಗೂ ಹೇಳಬೇಡಿ", "ಲಾಭ ಖಚಿತ": ಈ ಮೂರರಲ್ಲಿ ಒಂದು ಕೇಳಿದರೂ ಮಾತು ನಿಲ್ಲಿಸಿ. ಮನೆಯಲ್ಲಿ ಹೇಳಿ, ಸಂಘದ ಕಾರ್ಯದರ್ಶಿಗೆ ಹೇಳಿ, ಬ್ಯಾಂಕಿನಲ್ಲಿ ಕೇಳಿ.

3. ನಿಮ್ಮ ಬ್ಯಾಂಕ್ ಪಾಸ್‌ಬುಕ್ಕು, ಎಟಿಎಂ ಕಾರ್ಡು, ಒಟಿಪಿ ಯಾರಿಗೂ ಕೊಡಬೇಡಿ. ಕಮಿಷನ್ ಆಸೆಗೆ ನಿಮ್ಮ ಖಾತೆಯನ್ನು ಬೇರೆಯವರ ಹಣ ದಾಟಿಸಲು ಬಿಟ್ಟರೆ ಕೇಸು ನಿಮ್ಮ ಮೇಲೆಯೇ ಬರುತ್ತದೆ.

4. ಪರದೆಯ ಮೇಲೆ ಕಾಣುವ ಮೊತ್ತ ಹಣವಲ್ಲ. ನಿಮ್ಮ ಖಾತೆಗೆ ಬಂದದ್ದು ಮಾತ್ರ ಹಣ. ಹಣ ಬಿಡಿಸಿಕೊಳ್ಳಲು ಮತ್ತೆ ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ನಾನು ನಿಲ್ಲಿಸಲಿಲ್ಲ.

5. ಈಗಾಗಲೇ ಕಟ್ಟಿದ್ದರೆ ನಾಚಿಕೆ ಬೇಡ. ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಕಳಿಸಿದ ರಸೀದಿ, ಫೋನ್ ಸಂಖ್ಯೆ, ಸಂದೇಶ ಯಾವುದನ್ನೂ ಅಳಿಸಬೇಡಿ.

ಆ ಸಹೋದರಿ ಅವತ್ತು ಲೆಕ್ಕ ಕೇಳಿ ತಕ್ಷಣ ಒಪ್ಪಲಿಲ್ಲ. "ಅಕಸ್ಮಾತ್ ನಿಜವಾದರೆ?" ಎಂದು ಎರಡು ಸಲ ಕೇಳಿದರು. ನಾನು ಬೈಯಲಿಲ್ಲ. ಮೂರು ಹಸು ಕಟ್ಟಿಕೊಂಡು ಬೆಳಗಿನ ಜಾವ ನಾಲ್ಕೂವರೆಗೆ ಏಳುವವರಿಗೆ ಒಂದು ದಿನವಾದರೂ ಏಳದೆ ಇರುವ ಆಸೆ ಬರುವುದು ತಪ್ಪಲ್ಲ. ನೋಟಿನವರ ಬಳಿ ಒಂದು ಪ್ರಶ್ನೆ ಮಾತ್ರ ಕೇಳಿ ಎಂದೆ: "ಇಪ್ಪತ್ತು ನೋಟನ್ನು ಇವತ್ತು ನನ್ನಿಂದ 60,000ಕ್ಕೆ ನೀವೇ ವಾಪಸ್ ಕೊಳ್ಳುತ್ತೀರಾ?" ಕೇಳಿದರಂತೆ. ಆತ ಮತ್ತೆ ಬರಲಿಲ್ಲ.

ಕಡಸು ಮೊನ್ನೆ ಕರು ಹಾಕಿತು. ಗಂಡು ಕರು ಎಂದು ಅವರಿಗೆ ಸ್ವಲ್ಪ ಬೇಸರ. ಈಗ ಎರಡು ಹೊತ್ತು ಸೇರಿ ಒಂಬತ್ತು ಲೀಟರ್ ಕೊಡುತ್ತಿದೆ. ಹಿಂಡಿ, ಹುಲ್ಲು, ಔಷಧಿ ಕಳೆದು ಕೈಗೆ ಉಳಿಯುವುದು ಹೆಚ್ಚೇನಲ್ಲ. ಆದರೆ ಪ್ರತಿ ಬಟವಾಡೆಗೆ ಪಾಸ್‌ಬುಕ್ಕಿನಲ್ಲಿ ಅದು ಕಾಣುತ್ತದೆ.

ನಿಮ್ಮ ಊರಿಗೂ ಇಂಥ ಸುದ್ದಿ ಬಂದಿದ್ದರೆ ಹಾಲು ಹಾಕಲು ಬಂದಾಗ ನಾಲ್ಕು ಜನರ ಎದುರು ಅದನ್ನು ಹೇಳಿ. ಮುಂದಿನ ಸಂಚಿಕೆಯಲ್ಲಿ ಕೆಚ್ಚಲು ಬಾವಿನ ಬಗ್ಗೆ ಖಂಡಿತ ಬರೆಯುತ್ತೇನೆ. ಅಲ್ಲಿಯವರೆಗೆ ಹಾಲು ಕರೆದ ಮೇಲೆ ಅರ್ಧ ಗಂಟೆಯಾದರೂ ಹಸು ಮಲಗದಂತೆ ಮುಂದೆ ಸ್ವಲ್ಪ ಹುಲ್ಲು ಹಾಕುವುದನ್ನು ಮರೆಯಬೇಡಿ.

ನಿಮ್ಮ ಪಶುವೈದ್ಯಾಧಿಕಾರಿ